ಬಳಸುದಾರಿಯ ಸುಖ ಕಲಿಸಿದ ಪುಟ್ಟ ಕಾರು

ಫ್ರಾನ್ಸಿನ ಮಿಷೆಲಿನ್ ಸೋದರರದು ಟೈರಿನ ವ್ಯಾಪಾರ. 1900ರಲ್ಲಿ ಅವರು ಮೋಟಾರು ಪ್ರವಾಸಿಗರಿಗೆಂದು ಒಂದು ಕೈಪಿಡಿ ಅಚ್ಚು ಹಾಕಿಸಿ ಪುಕ್ಕಟೆಯಾಗಿ ಹಂಚಿದರು. ಆಗ ಇಡೀ ಫ್ರಾನ್ಸಿನಲ್ಲಿ ಮೂರು ಸಾವಿರ ಕಾರುಗಳೂ ಇರಲಿಲ್ಲ. ಅಚ್ಚಾದ ಪ್ರತಿಗಳು ಮಾತ್ರ ಸುಮಾರು 35,000. ಸೋದರರ ಲೆಕ್ಕಾಚಾರ ಸರಳವಾಗಿತ್ತು. ಜನ ತಿರುಗಿದಷ್ಟೂ ಟೈರು ಸವೆಯುತ್ತದೆ, ಸವೆದಷ್ಟೂ ವ್ಯಾಪಾರ ಬೆಳೆಯುತ್ತದೆ. ಮುಂದೆ ಇದೇ ಕೈಪಿಡಿ ಹೋಟೆಲುಗಳ ಊಟಕ್ಕೆ ನಕ್ಷತ್ರ ಕೊಡತೊಡಗಿತು. ಆ ನಕ್ಷತ್ರಗಳ ಅರ್ಥವನ್ನು 1936ರಲ್ಲಿ ಬಿಡಿಸಿ ಹೇಳಲಾಯಿತು. ಒಂದು ನಕ್ಷತ್ರವೆಂದರೆ ಒಳ್ಳೆಯ ಊಟ. ಎರಡು ನಕ್ಷತ್ರವೆಂದರೆ ದಾರಿ ಬಳಸಿಯಾದರೂ ಹೋಗಬೇಕಾದ ಜಾಗ. ಮೂರು ನಕ್ಷತ್ರವೆಂದರೆ ಅದಕ್ಕಾಗಿಯೇ ಪ್ರಯಾಣ ಹೊರಡಬಹುದು.

ಊಟದ ಮಾತು ಹಾಗಿರಲಿ, ನೋಟಕ್ಕೂ ಕಂಪನಿ ಇದೇ ಉಪಾಯ ಮಾಡಿತು. ತನ್ನ ರಸ್ತೆ ನಕ್ಷೆಗಳಲ್ಲಿ ರಮಣೀಯವಾದ ದಾರಿಗಳ ಪಕ್ಕಕ್ಕೆ ಹಸಿರು ಗೆರೆ ಎಳೆಯಿತು. ಹಸಿರು ಗೆರೆಯ ದಾರಿ ಬಹುಪಾಲು ಹತ್ತಿರದ ದಾರಿಯಾಗಿರುತ್ತಿರಲಿಲ್ಲ. ಆದರೂ ನಕ್ಷೆ ಹಿಡಿದವರು ಅದನ್ನೇ ಹುಡುಕಿಕೊಂಡು ಹೋದರು.

ಬೇಕೆಂದೇ ಸುತ್ತು ಹಾಕಿಕೊಂಡು ಹೋಗುವ ಈ ಹವ್ಯಾಸ ಮನುಷ್ಯನಿಗೆ ಮೊದಲಿನಿಂದ ಇದ್ದದ್ದಲ್ಲ. ಅದರ ವಯಸ್ಸು ಹೆಚ್ಚೆಂದರೆ ನೂರಿಪ್ಪತ್ತು ವರ್ಷ. ಅದನ್ನು ಸಾಮಾನ್ಯ ಸಂಬಳದಾರನಿಗೂ ಕಲಿಸಿದ್ದು ಇಂಗ್ಲೆಂಡಿನ ಒಂದು ಪುಟ್ಟ ಎರಡು ಸೀಟಿನ ಕಾರು. ಸ್ಪೋರ್ಟ್ಸ್ ಕಾರು ಎಂದೊಡನೆ ವೇಗ ನೆನಪಾಗುವುದು ಸಹಜ. ಆದರೆ ಜನ ಮನಸಾರೆ ಪ್ರೀತಿಸಿ, ಮೊಮ್ಮಕ್ಕಳ ಕಾಲದವರೆಗೂ ಒರೆಸಿ ಇಟ್ಟುಕೊಂಡ ಸ್ಪೋರ್ಟ್ಸ್ ಕಾರುಗಳ ಚರಿತ್ರೆ ತೆರೆದರೆ ಬೇರೊಂದು ಸಂಗತಿ ಹೊಳೆಯುತ್ತದೆ. ಅವುಗಳಲ್ಲಿ ಹಲವು ತಮ್ಮ ಕಾಲದ ದೊಡ್ಡ ಕಾರುಗಳಿಗಿಂತ ನಿಧಾನದವು.

ತಿರುವು ಹುಟ್ಟಿದ್ದು ಅನಿವಾರ್ಯದಿಂದ

ಆಗುಂಬೆ, ಚಾರ್ಮಾಡಿ ಘಾಟಿಗಳನ್ನು ಇಳಿದವರಿಗೆ ಹೇರ್‌ಪಿನ್ ತಿರುವು ಎಂದರೇನೆಂದು ವಿವರಿಸಬೇಕಾಗಿಲ್ಲ. ಕಡಿದಾದ ಬೆಟ್ಟವನ್ನು ನೇರವಾಗಿ ಏರುವುದು ಗಾಡಿಗೆ ಅಸಾಧ್ಯವಾದಾಗ ರಸ್ತೆ ಹಾವಿನಂತೆ ಹರಿಯುತ್ತದೆ. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲೂ ಆದದ್ದು ಇದೇ. ಇಂದು ಕಾರು ಪ್ರಿಯರು ತೀರ್ಥಯಾತ್ರೆಯಂತೆ ಹೋಗುವ ಸ್ಟೆಲ್ವಿಯೋ ಕಣಿವೆ ರಸ್ತೆ ಪ್ರವಾಸಿಗರಿಗಾಗಿ ಕಟ್ಟಿದ್ದಲ್ಲ. ನೆಪೋಲಿಯನ್ನನ ಸೋಲಿನ ನಂತರ 1815ರಲ್ಲಿ ಮಿಲಾನ್ ನಗರವಿರುವ ಲೊಂಬಾರ್ಡಿ ಪ್ರಾಂತ್ಯ ಆಸ್ಟ್ರಿಯಾ ಸಾಮ್ರಾಜ್ಯದ ಪಾಲಾಯಿತು. ಅಲ್ಲಿಗೆ ಸೈನ್ಯ ಸಾಗಿಸಲು ಟಿರೋಲ್ ಕಡೆಯಿಂದ ಒಂದು ದಾರಿ ಬೇಕಿತ್ತು. ಕಾರ್ಲೋ ಡೊನೆಗಾನಿ ಎಂಬ ಎಂಜಿನಿಯರ್ 1820ರಿಂದ 1825ರ ಅವಧಿಯಲ್ಲಿ ಅದನ್ನು ಕಟ್ಟಿ ಮುಗಿಸಿದ. ಸಮುದ್ರ ಮಟ್ಟದಿಂದ 2,757 ಮೀಟರ್ ಎತ್ತರ. ಉತ್ತರದ ಮಗ್ಗುಲಲ್ಲೇ 48 ಹೇರ್‌ಪಿನ್ ತಿರುವುಗಳು. ಕುದುರೆ ಗಾಡಿಯ ಸರದಾರರಿಗೆ ಆ ಪ್ರತಿ ತಿರುವೂ ಒಂದು ತಾಪತ್ರಯವಾಗಿತ್ತೇ ಹೊರತು ಸುಖವಾಗಿರಲಿಲ್ಲ.

ನಂತರ ರೈಲು ಬಂತು. ರೈಲು ಜನರನ್ನು ದೂರದೂರಕ್ಕೆ ಒಯ್ದಿತು. ಆದರೆ ಹಳಿ ಹಾಕಿದ ಕಡೆಗೆ ಮಾತ್ರ, ವೇಳಾಪಟ್ಟಿಯ ಹೊತ್ತಿಗೆ ಮಾತ್ರ. ಯಾವ ಊರಿಗೆ ಹೋದರೂ ಮೊದಲು ಕಾಣುವುದು ಸ್ಟೇಷನ್ನಿನ ಹಿತ್ತಲು, ಕಲ್ಲಿದ್ದಲ ರಾಶಿ, ಗೋದಾಮು. ಅಮೆರಿಕದ ಕಾದಂಬರಿಗಾರ್ತಿ ಈಡಿತ್ ವಾರ್ಟನ್ 1906-07ರಲ್ಲಿ ತಮ್ಮ ಪಾನಾರ್ ಕಾರಿನಲ್ಲಿ ಫ್ರಾನ್ಸ್ ಸುತ್ತಿದರು. ಒಂದು ಸುತ್ತಿಗೆ ಕಾದಂಬರಿಕಾರ ಹೆನ್ರಿ ಜೇಮ್ಸ್ ಜೊತೆಗಿದ್ದರು. 1908ರಲ್ಲಿ ಪ್ರಕಟವಾದ ತಮ್ಮ ಪ್ರವಾಸ ಕಥನದಲ್ಲಿ ವಾರ್ಟನ್, ಮೋಟಾರು ಕಾರು ಪ್ರಯಾಣಿಕನನ್ನು ರೈಲ್ವೆ ಗಂಟೆಯ ಬಂಧನದಿಂದ ಬಿಡಿಸಿತು ಎಂದು ಸಂತೋಷಪಡುತ್ತಾರೆ. ಊರನ್ನು ಅದರ ಹೊಲಗದ್ದೆಗಳ ಕಡೆಯಿಂದ, ಹಳೆಯ ಕಾಲದ ಪ್ರಯಾಣಿಕ ಪ್ರವೇಶಿಸುತ್ತಿದ್ದಂತೆ ಪ್ರವೇಶಿಸಬಹುದು ಎಂಬುದು ಅವರಿಗೆ ದೊಡ್ಡ ಲಾಭವಾಗಿ ಕಂಡಿತ್ತು.

ಆದರೆ ವಾರ್ಟನ್ ಶ್ರೀಮಂತೆ. ಕಾರು ನಡೆಸಲು ಚಾಲಕನಿದ್ದ. ತಾನೇ ಸ್ಟೀರಿಂಗ್ ಹಿಡಿದು, ಇಷ್ಟ ಬಂದ ಕಡೆ ಹೊರಳುವ ಸುಖ ಸಾಧಾರಣ ಜನಕ್ಕೆ ದಕ್ಕಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು.

ಗ್ಯಾರೇಜಿನಲ್ಲಿ ಹುಟ್ಟಿದ ಹೆಸರು

ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಊರು. ಅದೇ ಊರಿನಲ್ಲಿ ಸೈಕಲ್ ರಿಪೇರಿಯಿಂದ ಬದುಕು ಆರಂಭಿಸಿದ ವಿಲಿಯಂ ಮಾರಿಸ್ ಮುಂದೆ ಬ್ರಿಟನ್ನಿನ ಬಹುದೊಡ್ಡ ಕಾರು ತಯಾರಕರಲ್ಲಿ ಒಬ್ಬನಾದ. ಅವನ ಮಾರಾಟ ಮತ್ತು ದುರಸ್ತಿಯ ಮಳಿಗೆಯ ಹೆಸರು ಮಾರಿಸ್ ಗ್ಯಾರೇಜಸ್. 1922ರಲ್ಲಿ ಅದರ ವ್ಯವಸ್ಥಾಪಕನಾದ ಸೆಸಿಲ್ ಕಿಂಬರ್‌ಗೆ ಒಂದು ವಿಚಾರ ಹೊಳೆಯಿತು. ಸಾದಾ ಮಾರಿಸ್ ಕಾರಿನ ಚಾಸಿಗೆ ಅಂದವಾದ, ಹಗುರವಾದ ಮೈ ಕಟ್ಟಿ, ಎಂಜಿನನ್ನು ಒಂದಿಷ್ಟು ಚುರುಕುಗೊಳಿಸಿ ಮಾರಿದರೆ ಹೇಗೆ? ಹಾಗೆ ಹುಟ್ಟಿದ ಕಾರುಗಳಿಗೆ ಗ್ಯಾರೇಜಿನ ಮೊದಲಕ್ಷರಗಳೇ ಹೆಸರಾದವು: ಎಂಜಿ.

1928ರ ಲಂಡನ್ ಮೋಟಾರು ಪ್ರದರ್ಶನದಲ್ಲಿ ಕಿಂಬರ್ ಎಂಜಿ ಮಿಡ್ಜೆಟ್ ಎಂಬ ಗಾಡಿಯನ್ನು ತೋರಿಸಿದ. ಮಿಡ್ಜೆಟ್ ಎಂದರೆ ಕುಳ್ಳ. ಹೆಸರಿಗೆ ತಕ್ಕ ಗಾತ್ರ. ಎಂಜಿನ್ 847 ಸಿಸಿ. ಶಕ್ತಿ ಸುಮಾರು 20 ಅಶ್ವಶಕ್ತಿ. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಮೈ, ದೋಣಿಯಂತೆ ಚೂಪಾದ ಹಿಂಬದಿ, ಇಬ್ಬರು ಭುಜ ತಾಗಿಸಿಕೊಂಡು ಕೂರುವಷ್ಟು ಜಾಗ. ಬೆಲೆ 175 ಪೌಂಡ್. ಅಲ್ಲಿಯವರೆಗೆ ಸ್ಪೋರ್ಟ್ಸ್ ಕಾರು ಎಂದರೆ ಬೆಂಟ್ಲಿಯಂಥ ಸಾವಿರ ಪೌಂಡಿನ ಆಸುಪಾಸಿನ ಗಾಡಿಗಳು. ಮಿಡ್ಜೆಟ್ ಆ ಬೇಲಿಯನ್ನು ಮುರಿಯಿತು. ಗುಮಾಸ್ತ, ಯುವ ವೈದ್ಯ, ಶಾಲಾ ಮಾಸ್ತರಂಥವರು ಕೂಡ ಕನಸು ಕಾಣಬಹುದಾದ ಬೆಲೆ ಅದು. ಈ ಮೊದಲ ಮಾದರಿಯ 3,200ಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. 1929ರಲ್ಲಿ ಕಂಪನಿ ಆಕ್ಸ್‌ಫರ್ಡ್ ಸಮೀಪದ ಆಬಿಂಗ್ಡನ್ ಪಟ್ಟಣಕ್ಕೆ ಸ್ಥಳಾಂತರಗೊಂಡಿತು.

ಮಿಡ್ಜೆಟ್‌ಗೆ ತಕ್ಕ ರಸ್ತೆಗಳು ಇಂಗ್ಲೆಂಡಿನಲ್ಲಿ ಮೊದಲೇ ಇದ್ದವು. ಹೊಲದ ಬದು, ಬೇಲಿ, ಹಳ್ಳ, ಚರ್ಚಿನ ಗೋಡೆ ಇವನ್ನೆಲ್ಲ ಸುತ್ತಿ ಬಳಸಿ ಶತಮಾನಗಳಿಂದ ಸವೆದ ಓಣಿಗಳು. ವಾರವಿಡೀ ಕಚೇರಿಯಲ್ಲಿ ಕೂತವನಿಗೆ ಭಾನುವಾರ ಹತ್ತು ಮೈಲಿ ದೂರದ ಊರಿಗೆ ಮೂವತ್ತು ಮೈಲಿ ಸುತ್ತಿ ಹೋಗುವುದು ರಜೆಯೆನಿಸಿತು.

ನೋಡುವುದಕ್ಕೆಂದೇ ಕಟ್ಟಿದ ರಸ್ತೆ

1930ರ ದಶಕದಲ್ಲಿ ಇನ್ನೊಂದು ಹೊಸ ಬೆಳವಣಿಗೆ ನಡೆಯಿತು. ಊರು ಸೇರಿಸುವುದಕ್ಕಲ್ಲದೆ ನೋಟ ತೋರಿಸುವುದಕ್ಕಾಗಿಯೇ ಸರ್ಕಾರಗಳು ರಸ್ತೆ ಕಟ್ಟತೊಡಗಿದವು. ಇದಕ್ಕೆ ಮುಖ್ಯ ಕಾರಣ ಜಾಗತಿಕ ಆರ್ಥಿಕ ಕುಸಿತ. ಕೆಲಸವಿಲ್ಲದೆ ಕೂತ ಸಾವಿರಾರು ಕೈಗಳಿಗೆ ಕೂಲಿ ಒದಗಿಸಬೇಕಿತ್ತು.

ಮೊದಲ ಮಹಾಯುದ್ಧದಲ್ಲಿ ಸಾಮ್ರಾಜ್ಯ ಕಳೆದುಕೊಂಡು ಸಣ್ಣ ದೇಶವಾಗಿ ಉಳಿದಿದ್ದ ಆಸ್ಟ್ರಿಯಾ 1930ರಲ್ಲಿ ಗ್ರೋಸ್‌ಗ್ಲಾಕ್ನರ್ ಪರ್ವತ ರಸ್ತೆಯ ಕೆಲಸ ಆರಂಭಿಸಿತು. ಫ್ರಾನ್ಸ್ ವಲಾಕ್ ಎಂಬ ಎಂಜಿನಿಯರ್ ಯೋಜಿಸಿದ ಈ ರಸ್ತೆಯ ಉದ್ದ ಸುಮಾರು 48 ಕಿ.ಮೀ.; ಹೇರ್‌ಪಿನ್ ತಿರುವುಗಳು 36. ಹಿಮ ಬೀಳುವ ತಿಂಗಳುಗಳಲ್ಲಿ ಕೆಲಸ ನಿಲ್ಲಿಸಿ, ಕರಗಿದ ಮೇಲೆ ಮತ್ತೆ ಹಿಡಿದು, ಮೂರು ಸಾವಿರಕ್ಕೂ ಹೆಚ್ಚು ಕೂಲಿಗಳು ದುಡಿದರು. 1935ರ ಆಗಸ್ಟ್ 3ರಂದು ಉದ್ಘಾಟನೆ. ಮರುದಿನವೇ ಅದೇ ರಸ್ತೆಯಲ್ಲಿ ಕಾರು ಪಂದ್ಯ. ಈ ರಸ್ತೆಯಲ್ಲಿ ಹೋಗುವವರು ಸುಂಕ ತೆರಬೇಕು. ಅಂದರೆ ನೋಟಕ್ಕೇ ಬೆಲೆ ಕಟ್ಟಿದಂತಾಯಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಬ್ಲೂ ರಿಡ್ಜ್ ಪಾರ್ಕ್‌ವೇ ಕಾಮಗಾರಿ ಆರಂಭವಾಯಿತು. ವರ್ಜೀನಿಯಾದ ಶೆನಂಡೋವಾ ಉದ್ಯಾನದಿಂದ ಉತ್ತರ ಕ್ಯಾರೊಲಿನಾದ ಗ್ರೇಟ್ ಸ್ಮೋಕಿ ಪರ್ವತಗಳವರೆಗೆ ಬೆಟ್ಟದ ನೆತ್ತಿಯ ಗುಂಟ ಸಾಗುವ 469 ಮೈಲಿ, ಅಂದರೆ ಸುಮಾರು 755 ಕಿ.ಮೀ. ದಾರಿ. ಇದರ ವಿನ್ಯಾಸದ ಹೊಣೆ ಹೊತ್ತವನು ಉದ್ಯಾನ ಶಿಲ್ಪಿ ಸ್ಟ್ಯಾನ್ಲಿ ಆಬಟ್. ಎಲ್ಲಿ ಮರಗಳ ಮರೆ ಸರಿದು ಕಣಿವೆ ತೆರೆಯಬೇಕು, ಎಲ್ಲಿ ಗಾಡಿ ನಿಲ್ಲಿಸಿ ನೋಡಲು ಜಾಗ ಬಿಡಬೇಕು ಎಂಬುದನ್ನೆಲ್ಲ ಮೊದಲೇ ಲೆಕ್ಕ ಹಾಕಲಾಯಿತು. ಸರಕು ಲಾರಿಗಳಿಗೆ ಪ್ರವೇಶವಿಲ್ಲ. ಜಾಹೀರಾತು ಫಲಕಗಳಿಲ್ಲ. ವೇಗದ ಮಿತಿ ಹೆಚ್ಚಿನ ಕಡೆ ಗಂಟೆಗೆ 45 ಮೈಲಿ. ಈ ರಸ್ತೆಯ ಕೊನೆಯ ತುಂಡು ಪೂರ್ಣಗೊಂಡದ್ದು 1987ರಲ್ಲಿ. ಆರಂಭವಾಗಿ 52 ವರ್ಷಗಳ ನಂತರ!

ಸುಖದ ಇನ್ನೊಂದು ಮಗ್ಗುಲು

ಈ ರಮಣೀಯ ರಸ್ತೆಗಳ ಕಥೆಯಲ್ಲಿ ಎಲ್ಲವೂ ರಮಣೀಯವಲ್ಲ. ಬೆಟ್ಟ ಖಾಲಿಯಾಗಿ, ಪ್ರಶಾಂತವಾಗಿ ಕಾಣಬೇಕಾದರೆ ಅಲ್ಲಿ ಇದ್ದವರು ಎದ್ದು ಹೋಗಬೇಕಿತ್ತು. ಶೆನಂಡೋವಾ ಉದ್ಯಾನಕ್ಕಾಗಿ ಬೆಟ್ಟದ ನೂರಾರು ಕುಟುಂಬಗಳನ್ನು ಒಕ್ಕಲೆಬ್ಬಿಸಲಾಯಿತು. ಬ್ಲೂ ರಿಡ್ಜ್ ರಸ್ತೆಯ ದಕ್ಷಿಣದ ತುದಿಯಲ್ಲಿ ಚೆರೊಕೀ ಮೂಲನಿವಾಸಿಗಳ ಭೂಮಿಯಿತ್ತು. ತಮ್ಮ ಉಳುಮೆಯ ನೆಲವನ್ನು ಸೀಳಿಕೊಂಡು ಹೋಗುವ ದಾರಿಯನ್ನು ಅವರಲ್ಲಿ ಅನೇಕರು ವರ್ಷಗಟ್ಟಲೆ ವಿರೋಧಿಸಿದರು. 1940ರಲ್ಲಿ ಒಪ್ಪಂದವಾಗುವ ಹೊತ್ತಿಗೆ ರಸ್ತೆಯ ಜಾಡನ್ನೇ ಬದಲಿಸಬೇಕಾಯಿತು.

ರಸ್ತೆ ತೆರೆದ ಮೇಲೂ ಅದು ಎಲ್ಲರಿಗೂ ಸಮನಾಗಿ ತೆರೆದಿರಲಿಲ್ಲ. ವರ್ಣಭೇದ ಕಾನೂನಾಗಿದ್ದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನ ಸ್ವಂತ ಕಾರಿದ್ದರೂ ಇಷ್ಟ ಬಂದ ಕಡೆ ತಿರುಗುವಂತಿರಲಿಲ್ಲ. ಯಾವ ಹೋಟೆಲು ಕೋಣೆ ಕೊಡುತ್ತದೆ, ಯಾವ ಪೆಟ್ರೋಲ್ ಬಂಕು ಕಕ್ಕಸು ಬಳಸಲು ಬಿಡುತ್ತದೆ ಎಂಬುದು ತಿಳಿಯದೆ ಅಪರಿಚಿತ ದಾರಿಗೆ ಹೊರಳುವುದು ಅವರ ಪಾಲಿಗೆ ಜೀವಭಯದ ಸಂಗತಿ. ನ್ಯೂಯಾರ್ಕಿನ ಅಂಚೆ ಪೇದೆ ವಿಕ್ಟರ್ ಹ್ಯೂಗೋ ಗ್ರೀನ್ 1936ರಲ್ಲಿ ಇದಕ್ಕೆಂದೇ ಒಂದು ಕೈಪಿಡಿ ಆರಂಭಿಸಿದ. ಕಪ್ಪು ಪ್ರಯಾಣಿಕರನ್ನು ಸೇರಿಸಿಕೊಳ್ಳುವ ವಸತಿಗೃಹ, ಊಟದ ಮನೆ, ಗ್ಯಾರೇಜುಗಳ ಪಟ್ಟಿ ಅದು. ಮಿಷೆಲಿನ್ ಕೈಪಿಡಿ ಎರಡು ನಕ್ಷತ್ರದ ಅರ್ಥ ಹೇಳಿದ ವರ್ಷವೂ ಅದೇ. ಒಂದು ಕೈಪಿಡಿ ಹೇಳಿದ್ದು ಎಲ್ಲಿ ದಾರಿ ಬಳಸಿದರೆ ಸುಖ ಎಂದು. ಇನ್ನೊಂದು ಹೇಳಿದ್ದು ಎಲ್ಲಿಗೆ ಹೋದರೆ ಕ್ಷೇಮ ಎಂದು. ಶೆನಂಡೋವಾ ಉದ್ಯಾನದಲ್ಲಿ ಕಪ್ಪು ಜನರಿಗಾಗಿ ಲೂಯಿಸ್ ಮೌಂಟನ್ ಎಂಬ ಪ್ರತ್ಯೇಕ ತಾಣವನ್ನು 1939ರಲ್ಲಿ ತೆರೆಯಲಾಗಿತ್ತು. ಆ ಪ್ರತ್ಯೇಕತೆ ಅಳಿದದ್ದು 1950ರಲ್ಲಿ. ದಾರಿ ತಪ್ಪುವ ಸ್ವಾತಂತ್ರ್ಯವೂ ಒಂದು ಸವಲತ್ತು ಎಂಬುದನ್ನು ಈ ಚರಿತ್ರೆ ನೆನಪಿಸುತ್ತದೆ.

ಯುದ್ಧ ದಾಟಿ ಸಾಗರ ದಾಟಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಲಕ್ಷಾಂತರ ಸೈನಿಕರು ಇಂಗ್ಲೆಂಡಿನಲ್ಲಿ ಬೀಡುಬಿಟ್ಟಿದ್ದರು. ಹಳ್ಳಿಯ ಓಣಿಗಳಲ್ಲಿ ಗುಡುಗುಡು ಸದ್ದು ಮಾಡುತ್ತ ಓಡುವ ಪುಟ್ಟ ತೆರೆದ ಕಾರುಗಳು ಅವರ ಕಣ್ಣಿಗೆ ಬಿದ್ದವು. ಊರಿಗೆ ಮರಳುವಾಗ ಕೆಲವರು ಅವನ್ನು ಹಡಗಿನಲ್ಲಿ ಒಯ್ದರು. ಕಿಂಬರ್ ಇದನ್ನು ನೋಡಲು ಉಳಿಯಲಿಲ್ಲ. ಅವನನ್ನು 1941ರಲ್ಲೇ ಕೆಲಸದಿಂದ ತೆಗೆದುಹಾಕಲಾಗಿತ್ತು. 1945ರ ಫೆಬ್ರುವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಬಳಿ ನಡೆದ ರೈಲು ಅಪಘಾತದಲ್ಲಿ ಅವನು ತೀರಿಕೊಂಡ.

ಯುದ್ಧ ಮುಗಿದ ವರ್ಷವೇ ಆಬಿಂಗ್ಡನ್ ಕಾರ್ಖಾನೆ ಎಂಜಿ ಟಿಸಿ ಎಂಬ ಮಾದರಿಯನ್ನು ಹೊರತಂದಿತು. 1250 ಸಿಸಿ ಎಂಜಿನ್, 54 ಅಶ್ವಶಕ್ತಿ. ಸೈಕಲ್ಲಿನಂತೆ ಕಡ್ಡಿಗಳಿದ್ದ ಎತ್ತರದ ಚಕ್ರಗಳು, ಮುಂದಕ್ಕೆ ಮಡಚಬಹುದಾದ ಮುಂಗಾಜು. ಚಳಿ ಕಾಯಿಸುವ ಹೀಟರ್ ಇರಲಿಲ್ಲ. ಅದೇ ಕಾಲದ ಸಾಮಾನ್ಯ ಫೋರ್ಡ್ ವಿ-8 ಕಾರಿಗೆ 100 ಅಶ್ವಶಕ್ತಿಯಿತ್ತು, ಜೊತೆಗೆ ಇಡೀ ಸಂಸಾರ ಕೂರುವಷ್ಟು ಜಾಗ. ನೇರ ರಸ್ತೆಯಲ್ಲಿ ಪಂದ್ಯವಿಟ್ಟರೆ ಫೋರ್ಡ್ ಮುಂದೆ, ಎಂಜಿ ಹಿಂದೆ. ಆದರೂ ಸುಮಾರು ಎರಡು ಸಾವಿರ ಟಿಸಿಗಳು ಅಮೆರಿಕಕ್ಕೆ ಹೋದವು. ಸ್ಟೀರಿಂಗ್ ಇರುವ ಮಗ್ಗುಲನ್ನು ಕೂಡ ಅಲ್ಲಿನ ರಸ್ತೆಗೆ ತಕ್ಕಂತೆ ಬದಲಿಸಿರಲಿಲ್ಲ. ಟಿಸಿ ತೆರೆದ ಬಾಗಿಲಲ್ಲಿ ಮುಂದಿನ ಮಾದರಿಗಳು ಲಕ್ಷದ ಲೆಕ್ಕದಲ್ಲಿ ಒಳಹೊಕ್ಕವು. 1955ರಿಂದ 1962ರವರೆಗೆ ತಯಾರಾದ ಎಂಜಿಎ ಕಾರುಗಳ ಸಂಖ್ಯೆ ಒಂದು ಲಕ್ಷ ದಾಟಿತು. ಅವುಗಳಲ್ಲಿ ಬಹುಪಾಲು ಹೊರದೇಶಗಳಿಗೇ ಹೋದವು.

ಇದರಲ್ಲಿ ಒಂದು ವಿಪರ್ಯಾಸವೂ ಇತ್ತು. ಸಾಲದಲ್ಲಿ ಮುಳುಗಿದ್ದ ಬ್ರಿಟನ್ನಿಗೆ ಡಾಲರ್ ಬೇಕಿತ್ತು. ರಫ್ತು ಮಾಡುವ ಕಾರ್ಖಾನೆಗೆ ಮಾತ್ರ ಉಕ್ಕು ಧಾರಾಳವಾಗಿ ಸಿಗುತ್ತಿತ್ತು. ಸ್ವದೇಶದಲ್ಲಿ ಪೆಟ್ರೋಲಿಗೆ ಪಡಿತರ. 1947ರ ಕೊನೆಯಿಂದ 1948ರ ಮಧ್ಯದವರೆಗೆ ಖಾಸಗಿ ಸುತ್ತಾಟದ ಪೆಟ್ರೋಲನ್ನು ಪೂರ್ತಿಯಾಗಿ ನಿಲ್ಲಿಸಲಾಗಿತ್ತು. ಇಂಗ್ಲೆಂಡಿನ ಓಣಿಗಳಿಗಾಗಿ ಹುಟ್ಟಿದ ಕಾರು ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಓಡುತ್ತಿದ್ದಾಗ ಅದನ್ನು ಕಟ್ಟಿದ ಕೆಲಸಗಾರ ಕೂಪನ್ ಹಿಡಿದು ನಿಂತಿದ್ದ. ಪಡಿತರ ರದ್ದಾದದ್ದು 1950ರ ಮೇ ತಿಂಗಳಲ್ಲಿ.

ತಿರುವಿನಲ್ಲಿ ಆಗುವುದೇನು?

ಶಕ್ತಿಯಲ್ಲಿ ಅರ್ಧದಷ್ಟಿರುವ ಕಾರಿನಲ್ಲಿ ಅಂಥ ಸುಖವೇನು ಎಂಬ ಪ್ರಶ್ನೆ ಸಹಜ. ಉತ್ತರ ತಿರುವಿನಲ್ಲಿದೆ. ಕಾರು ಹೊರಳುವಾಗ ಅದರ ಭಾರ ಹೊರಮಗ್ಗುಲಿನ ಚಕ್ರಗಳ ಮೇಲೆ ವಾಲುತ್ತದೆ. ಬ್ರೇಕ್ ಒತ್ತಿದರೆ ಭಾರ ಮುಂದಕ್ಕೆ ಬೀಳುತ್ತದೆ. ಆಕ್ಸಿಲರೇಟರ್ ಒತ್ತಿದರೆ ಹಿಂದಕ್ಕೆ ಸರಿಯುತ್ತದೆ. ಈ ಓಲಾಟವನ್ನು ಕೈಕಾಲುಗಳಿಂದ ಸರಿದೂಗಿಸುತ್ತ ಹೋಗುವುದೇ ಚಾಲನೆ. ಭಾರ ಹೆಚ್ಚಿದ್ದಷ್ಟೂ, ಅದು ನೆಲದಿಂದ ಎತ್ತರದಲ್ಲಿದ್ದಷ್ಟೂ ಕಾರು ಮಾತು ಕೇಳಲು ತಡಮಾಡುತ್ತದೆ. ಹಗುರವಾದ, ತಗ್ಗಾದ ಕಾರು ಸ್ಟೀರಿಂಗ್ ತಿರುಗಿಸಿದೊಡನೆ ಹೊರಳುತ್ತದೆ. ರಸ್ತೆಯ ಉಬ್ಬುತಗ್ಗು, ಟೈರಿನ ಹಿಡಿತ ಸಡಿಲವಾಗುವ ಸೂಚನೆ ಇವೆಲ್ಲ ಸ್ಟೀರಿಂಗಿನ ಮೂಲಕ ಅಂಗೈಗೆ ತಿಳಿಯುತ್ತವೆ. ಟಿಸಿಯಂಥ ಕಾರಿನಲ್ಲಿ ಓಡುತ್ತಿರುವಾಗಲೇ ಮೊದಲ ಗೇರಿಗೆ ಇಳಿಯಬೇಕಾದರೆ ಕ್ಲಚ್ಚನ್ನು ಎರಡು ಬಾರಿ ಒತ್ತಿ, ಮಧ್ಯೆ ಎಂಜಿನ್ನಿನ ವೇಗ ಹೊಂದಿಸಿಕೊಳ್ಳಬೇಕಿತ್ತು. ಲೆಕ್ಕ ತಪ್ಪಿದರೆ ಗೇರು ಕರಕರ ಎನ್ನುತ್ತದೆ. ಸರಿಯಾದರೆ ಬೆಣ್ಣೆಯಂತೆ ಕೂರುತ್ತದೆ.

ಕೂರುವ ಎತ್ತರಕ್ಕೂ ಇದರಲ್ಲಿ ಪಾತ್ರವಿದೆ. ನೆಲಕ್ಕೆ ಹತ್ತಿರ ಕೂತು, ಗಾಳಿಗೆ ಮುಖವೊಡ್ಡಿದವನಿಗೆ ಗಂಟೆಗೆ 60 ಕಿ.ಮೀ. ವೇಗವೂ ನೂರರಂತೆ ತೋರುತ್ತದೆ. ಹೀಗಾಗಿ ಕಾನೂನು ಮೀರದೆ, ಪ್ರಾಣವನ್ನು ಪಣಕ್ಕಿಡದೆ ಕಾರಿನ ಕಸುವನ್ನೆಲ್ಲ ಬಳಸಬಹುದು. 300 ಅಶ್ವಶಕ್ತಿಯ ಕಾರಿಗೆ ಸಾಧಾರಣ ರಸ್ತೆಯಲ್ಲಿ ಆ ಅವಕಾಶವೇ ಇಲ್ಲ. ಜೊತೆಗೆ ಮೇಲ್ಛಾವಣಿಯಿಲ್ಲದ ಕಾರಿನಲ್ಲಿ ದಾರಿ ಬರೀ ಕಾಣುವುದಿಲ್ಲ; ಕೊಯ್ದ ಹುಲ್ಲಿನ ವಾಸನೆ, ಕಾಡಿನೊಳಗೆ ಹೊಕ್ಕಾಗಿನ ತಂಪು, ಹಳ್ಳದ ನೀರಿನ ಸದ್ದು ಎಲ್ಲವೂ ಒಳಗೆ ಬರುತ್ತವೆ. ನೇರವಾದ ಹೆದ್ದಾರಿಯಲ್ಲಿ ಇಂಥ ಕಾರು ದಣಿವು ತರುತ್ತದೆ, ಗಾಳಿಯ ಅಬ್ಬರ ಕಿವಿಗಡಚಿಕ್ಕುತ್ತದೆ. ಹಾಗಾಗಿ ಅದರ ಒಡೆಯ ತಾನಾಗಿಯೇ ಬಳಸುದಾರಿ ಹುಡುಕುತ್ತಾನೆ.

ನೇರ ರಸ್ತೆಗಳ ಕಾಲ

ಇಷ್ಟರಲ್ಲಿ ಲೋಕ ನೇರ ರಸ್ತೆಗಳತ್ತ ಹೊರಳಿತ್ತು. ಜರ್ಮನಿಯ ಕೊಲೋನ್ ಮತ್ತು ಬಾನ್ ನಡುವಣ ಮೋಟಾರು ಹೆದ್ದಾರಿ 1932ರಲ್ಲೇ ತೆರೆದಿತ್ತು. ಅಮೆರಿಕ 1956ರ ಶಾಸನದ ಮೂಲಕ 41,000 ಮೈಲಿಗಳ ಅಂತರರಾಜ್ಯ ಹೆದ್ದಾರಿ ಜಾಲಕ್ಕೆ ಕೈಹಾಕಿತು. ಬ್ರಿಟನ್ನಿನ ಎಂ-1 ಹೆದ್ದಾರಿಯ ಮೊದಲ ಭಾಗ 1959ರ ನವೆಂಬರಿನಲ್ಲಿ ತೆರೆಯಿತು. ಊರುಗಳನ್ನು ಪಕ್ಕಕ್ಕೆ ಬಿಟ್ಟು, ಬೆಟ್ಟ ಕೊರೆದು, ಕಣಿವೆಗೆ ಸೇತುವೆ ಹಾಕಿ ಈ ರಸ್ತೆಗಳು ಸಾಗಿದವು.

ಇದರ ಪರಿಣಾಮ ಎರಡು ಬಗೆಯದು. ಹಳೆಯ ರಸ್ತೆಗಳನ್ನೇ ನಂಬಿದ್ದ ಹೋಟೆಲು, ಪೆಟ್ರೋಲ್ ಬಂಕು, ಅಂಗಡಿಗಳು ಬಿಕೋ ಎಂದವು. ಷಿಕಾಗೋದಿಂದ ಕ್ಯಾಲಿಫೋರ್ನಿಯಾ ತಲುಪಿಸುತ್ತಿದ್ದ ಪ್ರಸಿದ್ಧ 66ನೇ ಸಂಖ್ಯೆಯ ಹೆದ್ದಾರಿಯನ್ನು 1985ರಲ್ಲಿ ಅಧಿಕೃತ ಪಟ್ಟಿಯಿಂದಲೇ ತೆಗೆದುಹಾಕಲಾಯಿತು. ಇನ್ನೊಂದು ಕಡೆ, ಲಾರಿಗಳೆಲ್ಲ ಹೆದ್ದಾರಿ ಹಿಡಿದದ್ದರಿಂದ ಹಳೆಯ ಅಂಕುಡೊಂಕು ರಸ್ತೆಗಳು ವಿರಾಮದ ಪ್ರಯಾಣಿಕನ ಪಾಲಿಗೆ ಉಳಿದವು. ಬೇರೆ ದಾರಿಯೇ ಇಲ್ಲದಾಗ ಸುತ್ತಿ ಹೋಗುವುದು ಕಷ್ಟ. ನೇರ ದಾರಿ ಇದ್ದೂ ಸುತ್ತಿ ಹೋಗುವುದು ಆಯ್ಕೆ. ಬಳಸುದಾರಿಯ ಸುಖಕ್ಕೆ ಪೂರ್ಣ ಅರ್ಥ ಬಂದದ್ದು ನೇರ ದಾರಿ ಬಂದ ಮೇಲೆಯೇ.

ಆದರೆ ಆ ಸುಖದ ವಾಹನಕ್ಕೆ ಕುತ್ತು ಬಂತು. 1962ರಲ್ಲಿ ಬಂದ ಎಂಜಿಬಿ ಮಾದರಿ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿ ಕಂಪನಿಯ ಅತ್ಯಂತ ಜನಪ್ರಿಯ ಕಾರೆನಿಸಿತ್ತು. 1970ರ ದಶಕದಲ್ಲಿ ಅಮೆರಿಕ ಸುರಕ್ಷತೆ ಮತ್ತು ಹೊಗೆ ನಿಯಂತ್ರಣದ ನಿಯಮಗಳನ್ನು ಬಿಗಿ ಮಾಡಿತು. ಜನರ ಪ್ರಾಣ ಮತ್ತು ಗಾಳಿಯ ಕಾಳಜಿಯಿಂದ ಬಂದ ನಿಯಮಗಳವು; ತಪ್ಪೆನ್ನುವಂತಿಲ್ಲ. ಆದರೆ ಹೊಸ ವಿನ್ಯಾಸಕ್ಕೆ ಕಂಪನಿಯ ಬಳಿ ಹಣವಿರಲಿಲ್ಲ. 1974ರಲ್ಲಿ ಹಳೆಯ ಕಾರಿಗೇ ಕಪ್ಪು ರಬ್ಬರಿನ ದಪ್ಪ ಬಂಪರ್ ಅಂಟಿಸಿ, ಇಡೀ ಗಾಡಿಯನ್ನು ಎತ್ತರಿಸಲಾಯಿತು. ತಿರುವಿನಲ್ಲಿ ಅಚ್ಚುಕಟ್ಟಾಗಿ ಹೊರಳುತ್ತಿದ್ದ ಕಾರು ಓಲಾಡತೊಡಗಿತು. 1979ರ ಸೆಪ್ಟೆಂಬರಿನಲ್ಲಿ ಆಬಿಂಗ್ಡನ್ ಪಟ್ಟಣ ಕಾರ್ಖಾನೆಯ ಐವತ್ತನೆಯ ವರ್ಷವನ್ನು ಸಂಭ್ರಮದಿಂದ ಆಚರಿಸಿತು. ಅದರ ಬೆನ್ನಿಗೇ ಕಾರ್ಖಾನೆ ಮುಚ್ಚುವ ನಿರ್ಧಾರ ಹೊರಬಿತ್ತು. 1980ರ ಅಕ್ಟೋಬರಿನಲ್ಲಿ ಕೊನೆಯ ಕಾರು ಹೊರಬಂತು.

ಹಿರೋಷಿಮಾದಿಂದ ಬಂದ ಉತ್ತರ

ಇಂಗ್ಲೆಂಡ್ ಕೈಬಿಟ್ಟದ್ದನ್ನು ಕೈಗೆತ್ತಿಕೊಂಡದ್ದು ಜಪಾನ್. ಅಮೆರಿಕದ ಮೋಟಾರು ಪತ್ರಕರ್ತ ಬಾಬ್ ಹಾಲ್ 1979ರಲ್ಲಿ ಹಿರೋಷಿಮಾ ನಗರದ ಮಜ್ದಾ ಕಂಪನಿಯ ಹಿರಿಯ ಎಂಜಿನಿಯರ್ ಕೆನಿಚಿ ಯಮಾಮೊಟೊ ಅವರನ್ನು ಭೇಟಿಯಾಗಿದ್ದ. ಹಳೆಯ ಬ್ರಿಟಿಷ್ ಕಾರುಗಳಂಥ ಸರಳ, ಅಗ್ಗದ, ತೆರೆದ ಎರಡು ಸೀಟಿನ ಕಾರನ್ನು ಯಾರೂ ಮಾಡುತ್ತಿಲ್ಲ. ನೀವೇಕೆ ಮಾಡಬಾರದು ಎಂಬುದು ಅವನ ಸಲಹೆ. ಎರಡು ವರ್ಷಗಳ ನಂತರ ಹಾಲ್ ಅದೇ ಕಂಪನಿಯ ಕ್ಯಾಲಿಫೋರ್ನಿಯಾ ಕಚೇರಿ ಸೇರಿದ. ಯಮಾಮೊಟೊ ಅವರಿಗೆ ಹಕೋನೆ ಬೆಟ್ಟದ ದಾರಿಯಲ್ಲಿ ಓಡಿಸಲು ಒಂದು ಬ್ರಿಟಿಷ್ ಟ್ರಯಂಫ್ ಸ್ಪಿಟ್‌ಫೈರ್ ಕಾರು ಕೊಡಲಾಯಿತೆಂದೂ, ಆ ಸವಾರಿಯ ನಂತರ ಅವರ ಮನಸ್ಸು ಈ ಯೋಜನೆಯತ್ತ ಒಲಿಯಿತೆಂದೂ ಕಂಪನಿಯ ವಲಯದಲ್ಲಿ ಹೇಳುವುದುಂಟು.

1989ರ ಫೆಬ್ರುವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಎಂಎಕ್ಸ್-5 ಮಿಯಾಟ ಕಾಣಿಸಿಕೊಂಡಿತು. 1.6 ಲೀಟರಿನ ಎಂಜಿನ್, ಒಂದು ಟನ್ನಿಗಿಂತ ಕಡಿಮೆ ತೂಕ, ಹಿಂದಿನ ಚಕ್ರಗಳಿಗೆ ಚಾಲನೆ. ಇಲ್ಲೂ ಶಕ್ತಿ ಹೆಚ್ಚೇನಿಲ್ಲ. ಯೋಜನೆಯ ಮುಖ್ಯಸ್ಥ ತೋಶಿಹಿಕೊ ಹಿರಾಯ್ ಎಂಜಿನಿಯರುಗಳ ಮುಂದಿಟ್ಟ ಗುರಿ ವೇಗದ ಅಂಕಿಯಲ್ಲ, ಒಂದು ನುಡಿಗಟ್ಟು: ಜಿಂಬಾ ಇತ್ತಾಯ್. ಕುದುರೆ ಮತ್ತು ಸವಾರ ಒಂದೇ ದೇಹವಾಗುವುದು ಎಂದು ಇದರ ಅರ್ಥ. ಓಡುವ ಕುದುರೆಯ ಮೇಲೆ ಕೂತು ಬಾಣ ಬಿಡುವ ಜಪಾನಿನ ಹಳೆಯ ವಿದ್ಯೆಯ ಹಿನ್ನೆಲೆ ಅದಕ್ಕಿದೆ. ಸ್ಟೀರಿಂಗಿನ ತೂಕ, ಗೇರಿನ ಹಿಡಿಕೆ ಎಷ್ಟು ಸರಿಯಬೇಕೆಂಬ ಅಳತೆ, ಕೊಳವೆಯಿಂದ ಹೊರಡುವ ಸದ್ದು ಎಲ್ಲವನ್ನೂ ಈ ಗುರಿಗೆ ತಕ್ಕಂತೆ ತಿದ್ದಲಾಯಿತು. 2000ದಲ್ಲಿ ಅದು ಲೋಕದಲ್ಲೇ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಎಂದು ಗಿನ್ನೆಸ್ ದಾಖಲೆ ಸೇರಿತು. 2016ರಲ್ಲಿ ಹತ್ತು ಲಕ್ಷದ ಕಾರು ತಯಾರಾಯಿತು. ಮೊದಲ ತಲೆಮಾರಿನ ಕಾರುಗಳನ್ನು ಬಿಡಲೊಲ್ಲದ ಒಡೆಯರಿಗಾಗಿ ಜಪಾನಿನಲ್ಲಿ ಕಂಪನಿಯೇ ಹಳೆಯ ಕಾರುಗಳನ್ನು ಬಿಚ್ಚಿ ಹೊಸದಾಗಿಸಿ ಕೊಡುವ ಯೋಜನೆಯನ್ನು 2017ರಲ್ಲಿ ಪ್ರಕಟಿಸಿತು.

ಮುಂದಿನ ತಿರುವು

ಬಳಸುದಾರಿ ಇಂದು ತನ್ನ ಜನಪ್ರಿಯತೆಯಿಂದಲೇ ತೊಂದರೆಗೆ ಸಿಕ್ಕಿದೆ. ಆಲ್ಪ್ಸ್ ಕಣಿವೆಗಳ ನಿವಾಸಿಗಳಿಗೆ ಬೇಸಿಗೆಯ ವಾರಾಂತ್ಯವೆಂದರೆ ವಾಹನಗಳ ಸಾಲು, ಹೊಗೆ, ಗದ್ದಲ. ಇಟಲಿಯ ಡೊಲೊಮೈಟ್ ಬೆಟ್ಟಗಳ ಸೆಲ್ಲಾ ಕಣಿವೆ ರಸ್ತೆಯನ್ನು 2017ರ ಬೇಸಿಗೆಯ ಬುಧವಾರಗಳಂದು ಹಗಲು ಹೊತ್ತು ಮೋಟಾರು ವಾಹನಗಳಿಗೆ ಮುಚ್ಚಲಾಗಿತ್ತು. ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಒಂದು ಭಾಗದಲ್ಲಿ ಮಿತಿಮೀರಿ ಸದ್ದು ಮಾಡುವ ಮೋಟಾರ್‌ಸೈಕಲ್ಲುಗಳ ಮೇಲೆ 2020ರಲ್ಲಿ ನಿರ್ಬಂಧ ಬಂತು. ಒಬ್ಬನ ವಿಹಾರ ಇನ್ನೊಬ್ಬನ ಮನೆಯಂಗಳದಲ್ಲಿ ನಡೆಯುತ್ತದೆ ಎಂಬ ಮಾತಿಗೆ ಉತ್ತರ ಹುಡುಕಲೇಬೇಕಾಗಿದೆ.

ಹವಾಮಾನವೂ ತನ್ನ ಲೆಕ್ಕ ಒಪ್ಪಿಸುತ್ತಿದೆ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಬ್ಲೂ ರಿಡ್ಜ್ ರಸ್ತೆಯ ಮೇಲೆ ಗುಡ್ಡಗಳನ್ನೇ ಕುಸಿದು ಹಾಕಿತು. ಇಡೀ ರಸ್ತೆಯನ್ನು ಮುಚ್ಚಬೇಕಾಯಿತು. ನಂತರ ದುರಸ್ತಿಯಾದಂತೆ ತುಂಡು ತುಂಡಾಗಿ ತೆರೆಯಲಾಯಿತು. ಹೊಗೆಯಿಲ್ಲದ, ಸದ್ದಿಲ್ಲದ ವಿದ್ಯುತ್ ಕಾರು ಒಂದು ಪರಿಹಾರ ನಿಜ. ಎಂಜಿ ಹೆಸರು ಈಗ ಚೀನಾದ ಸಾಯಿಕ್ ಕಂಪನಿಯ ಒಡೆತನದಲ್ಲಿದೆ. ಅದು ಸೈಬರ್‌ಸ್ಟರ್ ಎಂಬ ತೆರೆದ ಎರಡು ಸೀಟಿನ ವಿದ್ಯುತ್ ಕಾರು ತಯಾರಿಸಿದ್ದು, 2025ರಲ್ಲಿ ಅದು ಭಾರತದ ಮಾರುಕಟ್ಟೆಗೂ ಬಂದಿತು. ಆದರೆ ಬ್ಯಾಟರಿಯ ಭಾರದಿಂದಾಗಿ ಅದರ ತೂಕ ಎರಡು ಟನ್ನಿನ ಸಮೀಪ. ವೇಗಕ್ಕೆ ಕೊರತೆಯಿಲ್ಲ. ಕಿಂಬರ್ ನಂಬಿದ್ದ ಹಗುರತನವನ್ನು ಬ್ಯಾಟರಿಯ ಕಾಲದಲ್ಲಿ ಮರಳಿ ಪಡೆಯುವುದು ಹೇಗೆ ಎಂಬುದು ಎಂಜಿನಿಯರುಗಳ ಮುಂದಿರುವ ಸವಾಲು.

ಅಷ್ಟರವರೆಗೆ ಹಳೆಯ ಲೆಕ್ಕ ಮರೆಯದಿರುವುದು ಒಳ್ಳೆಯದು. ಬ್ಲೂ ರಿಡ್ಜ್ ರಸ್ತೆಯ ಹೆಚ್ಚಿನ ಭಾಗದಲ್ಲಿ ವೇಗದ ಮಿತಿ ಇಂದಿಗೂ ಗಂಟೆಗೆ 45 ಮೈಲಿ, ಅಂದರೆ ಸುಮಾರು 72 ಕಿ.ಮೀ. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ, 20 ಅಶ್ವಶಕ್ತಿಯ 1928ರ ಮಿಡ್ಜೆಟ್ ಕೂಡ ಆ ವೇಗವನ್ನು ಸಲೀಸಾಗಿ ಮುಟ್ಟುತ್ತಿತ್ತು.